ಎಲ್ಲರೂ ಹೊರಗೆ ಬಂದಿದ್ದಾರೆ

ಮಾರ್ಚ್ ೯, ಸೋಮವಾರ

ತಮ್ಮನಿಗೆ,

ಇಲ್ಲಿ ಎಲ್ಲ ಕ್ಷೇಮ ಎಂದು ಶುರುಮಾಡುವುದು ವಾಡಿಕೆ. ನನ್ನಿಂದಾಗದು. ನಿನ್ನ ಎರಡು ಕಾಗದಕ್ಕೂ ಉತ್ತರ ತಡವಾಯಿತು. ಕ್ಷಮಿಸು ಎನ್ನಬೇಕು, ಆದರೆ ಆ ಮಾತನ್ನು ನಿಮ್ಮ ಕಂಪನಿಯವರು ಬಳಸಿ ಬಳಸಿ ಸವೆಸಿಬಿಟ್ಟಿದ್ದಾರೆ.

ಪುಟ್ಟಿ ಶಾಲೆಗೆ ಹೋಗುತ್ತಿದ್ದಾಳೆ. ಕಂಪನಿಯ ವಕ್ತಾರನಾಗಿ ನೀನು ಟಿವಿಯಲ್ಲಿ ಬಂದರೆ "ಮಾಮ ಬಂದ!" ಎಂದು ಓಡಿಬರುತ್ತಿದ್ದವಳು, ಈಗ ಎದ್ದು ಹೋಗಿ ಆರಿಸುತ್ತಾಳೆ.

ಪತ್ರಕರ್ತರ ಮುಂದೆ ನಾನು ಓದಬೇಕೆಂದು ನೀನು ಕಳಿಸಿದ ಹಾಳೆ ನೋಡಿದೆ. 'ಸಂಸ್ಥೆ ನಮ್ಮ ಕುಟುಂಬದ ಜೊತೆ ನಿಂತಿದೆ.' ಎಲ್ಲಿ ನಿಂತಿದೆಯಪ್ಪಾ? 'ಮಾಹಿತಿಯಲ್ಲಿ ಸ್ವಲ್ಪ ವ್ಯತ್ಯಾಸವಾಯಿತು.' ನನ್ನ ಗಂಡ ಸತ್ತಿದ್ದು ನಿನಗೆ ಸ್ವಲ್ಪ ವ್ಯತ್ಯಾಸವೇನೋ? ಥೂ!

ಮುಂದಿನ ಪಾಳಿಯವನು ಬರುವ ತನಕ ನಿನ್ನ ಭಾವ ಬಾಯ್ಲರ್ ಬಿಟ್ಟು ಕದಲುವಂತಿರಲಿಲ್ಲ. ಆದರೆ ಪಾಳಿ ಮುಗಿಸಿ ಹೊರಟೆ ಎಂದು ಗೇಟಿನ ಯಂತ್ರಕ್ಕೆ ಎರಡು ಗಂಟೆಗೇ ಕಾರ್ಡ್ ಒತ್ತಬೇಕು, ಇಲ್ಲದಿದ್ದರೆ ಮೇಲಿನವರ ಕಿರಿಕಿರಿ. ಹಾಗಾಗಿ ಭಾವನ ಕಾರ್ಡನ್ನೂ ದಿನಾ ಅದೇ ಪಾಳಿಯ ಫಿಟ್ಟರೇ ಒತ್ತಿ ಹೋಗುತ್ತಿದ್ದ. ಗೊತ್ತಿರಲಿಲ್ಲ ಎನ್ನಬೇಡ. ನಮ್ಮ ಮನೆಯಲ್ಲೇ ಊಟಕ್ಕೆ ಕೂತು, "ಭಾವ, ನಿಮ್ಮ ಕಾರ್ಡು ನಿಮಗಿಂತ ಮುಂಚೆ ಗೇಟು ದಾಟುತ್ತಲ್ಲ!" ಎಂದು ನಕ್ಕವನು ನೀನು.

ಬೆಂಕಿ ಬಿದ್ದ ದಿನ, ಎರಡು ದಾಟಿತ್ತಷ್ಟೇ, ಮುಂದಿನ ಪಾಳಿಯವರು ಬಂದಿರಲಿಲ್ಲ; ಯಂತ್ರದ ಪ್ರಕಾರ ಒಳಗೆ ಯಾರೂ ಇರಲಿಲ್ಲ. ಫಿಟ್ಟರ್ ಓಡಿಬಂದು, "ಸಾರ್, ಅವರದು ನಾನು ಒತ್ತಿದ್ದು, ಅವರಿನ್ನೂ ಒಳಗಿದ್ದಾರೆ" ಅಂದನಂತೆ. "ಇರಪ್ಪಾ, ಮೊದಲು ಟಿವಿಯವರನ್ನ ಕಳಿಸ್ತೀನಿ" ಅಂದೆಯಂತೆ ನೀನು. ಆಮೇಲೆ ಮೈಕು ಹಿಡಿದು, ಎಲ್ಲರೂ ಹೊರಗೆ ಬಂದಿದ್ದಾರೆ ಎಂದೆ. ಅಗ್ನಿಶಾಮಕದವರು ಹುಡುಕುವುದನ್ನು ನಿಲ್ಲಿಸಿದರು. ಐದು ಗಂಟೆಗೆ ನಿನ್ನ ಭಾವ ಸಿಕ್ಕರು. ನಾಲ್ಕರವರೆಗೂ ಉಸಿರಾಡಿರಬೇಕು ಎಂದರು ವೈದ್ಯರು.

ಹಾಳೆಯನ್ನು ಹರಿದು ಇದರ ಜೊತೆಗೇ ಇಟ್ಟಿದ್ದೇನೆ. ನಾಡಿದ್ದು ವಿಚಾರಣೆಗೆ ಫಿಟ್ಟರ್ ಬರುತ್ತಾನೆ, ನಾನೂ ಬರುತ್ತೇನೆ. ಕಾರ್ಡಿನ ವಿಷಯ ನಿನಗೆ ಮೊದಲೇ ಗೊತ್ತಿತ್ತು ಎಂದು ನಿನ್ನೆದುರಿಗೇ ಹೇಳುತ್ತೇನೆ. "ಒಡಹುಟ್ಟಿದವನು ಕಣೇ, ಅವನ ಕೆಲಸ ಹೋಗುತ್ತೆ, ಬಿಟ್ಬಿಡೇ" ಎಂದು ಅಮ್ಮ ಅಳುತ್ತಾಳೆ. ನಾನು ಬಿಡುವುದಿಲ್ಲ.

ನೂರು ವರ್ಷ ಬಾಳು. ಅಷ್ಟು ವರ್ಷವೂ ಇದು ನಿನ್ನ ನೆನಪಿನಲ್ಲಿರಲಿ.

ನಿನ್ನ ಅಕ್ಕ

ತಾ.ಕ.: ಇದನ್ನು ಯಾರಿಗೂ ಹೇಳಿಲ್ಲ. ಆ ದಿನ ಬೆಂಕಿಯ ಸುದ್ದಿ ಕೇಳಿ ಓಡಿಬಂದು ನಾನು ಗೇಟಿನ ಹತ್ತಿರವೇ ಇದ್ದೆ. ಅಗ್ನಿಶಾಮಕದವನೊಬ್ಬನ ತೋಳು ಹಿಡಿದು, "ನಮ್ಮವರು ಬಂದಿಲ್ಲ, ಬಾಯ್ಲರ್ ಹತ್ತಿರ ನೋಡಿ" ಎಂದು ಕಿರುಚುತ್ತಿದ್ದೆ. ಅವನು ಒಳಗೆ ಹೊರಟೇಬಿಟ್ಟಿದ್ದ. ಅಷ್ಟರಲ್ಲಿ ಮೈಕಿನಲ್ಲಿ ನಿನ್ನ ದನಿ ಕೇಳಿಸಿತು. ನಾನೇ ಅವನನ್ನು ತಡೆದು, "ಬೇಡ ಬಿಡಪ್ಪಾ, ಬಂದಿದ್ದಾರಂತೆ. ಹೇಳ್ತಿರೋದು ನನ್ನ ತಮ್ಮ" ಅಂದೆ.