ಜ್ವರಕ್ಕೆ ಕೂತ ಬೀಜಗಳು

೧೨ ಫೆಬ್ರವರಿ ೧೯೮೯, ಭಾನುವಾರ

ಐದಕ್ಕೇ ಎದ್ದು ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿದ್ದಾಯಿತು. ತಟ್ಟೆಗಳ ಕಸ ತೆಗೆದಿದ್ದಾಯಿತು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿನ ಬಟ್ಟಲುಗಳಿಗೆ ನೀರು ಹುಯ್ದಿದ್ದೂ ಆಯಿತು. ಇನ್ನು ನನ್ನ ವಿಷಯ — ಏಳು ಬೀಜ! ಏಳು!

ನಿನ್ನೆ ಚಿಕ್ಕಬಳ್ಳಾಪುರದಲ್ಲಿ ಮದುವೆ. ಛತ್ರದ ಎದುರು ಯಾರೋ ಡಾಕ್ಟರ ಮನೆ. ಕಾಂಪೌಂಡಿನಲ್ಲಿ ಆ ಮರ. ಕಂಬದ ಹಾಗೆ ನೆಟ್ಟಗೆ, ತುದಿಯಲ್ಲಿ ಬೀಸಣಿಗೆಯಂಥ ಎಲೆಗಳು. ಊಟಕ್ಕೆ ಕರೆದರೂ ಕೇಳಿಸಲಿಲ್ಲ, ನೋಡುತ್ತಾ ನಿಂತುಬಿಟ್ಟೆ. ಅಲ್ಲಿನ ಮಾಲಿ, ನಲ್ಲಪ್ಪ ಅಂತೆ ಹೆಸರು, “ವಾಷಿಂಗ್‌ಟನ್ ಪಾಮು ಕಣಮ್ಮ. ಬಿಸಿಲು ಅಂದ್ರೆ ಪ್ರಾಣ ಇದಕ್ಕೆ. ಬೇರು ಆಳಕ್ಕೆ ಇಳಿದ್ಮೇಲೆ ನೀರಿಗೂ ಕಾಯಲ್ಲ” ಅಂದ. ಕೆಳಗೆ ಬಿದ್ದಿದ್ದನ್ನು ಆರಿಸಿ ಕೊಟ್ಟ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ಹತ್ತು ಸಲ ಮುಟ್ಟಿ ನೋಡಿಕೊಂಡಿರಬೇಕು.

ಶಿಡ್ಲಘಟ್ಟದ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದು ಮೂರು ವರ್ಷ. ಅಂಗಳದಲ್ಲಿ ಏನಿದ್ದರೂ ಹುಳಕ್ಕೆ. ನನಗೊಂದು ಗಿಡ ಬೇಕು. ಹುಳ ತಿನ್ನದ ಗಿಡ.

ಅತ್ತಮ್ಮನಿಗೆ ತೋರಿಸಿದೆ. ನಮ್ಮತ್ತೆ ಅಕ್ಕಯಮ್ಮ ಅಂದರೆ ಸುತ್ತ ಹತ್ತೂರಿಗೆ ಹುಳದ ಡಾಕ್ಟರು. ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದರು.

“ಈಚಲಿಗೆ ಇಂಗ್ಲಿಷ್ ಹೆಸರಿಟ್ರೆ ಅಂಗಳಕ್ಕೆ ಬರುತ್ತೇನೇ? ಹಣ್ಣಿಲ್ಲ, ನೆರಳಿಲ್ಲ.”

“ಚೆಂದ ಇರುತ್ತೆ ಅತ್ತಮ್ಮ. ಗೇಟಿನ ಆ ಕಡೆ ಒಂದು, ಈ ಕಡೆ ಒಂದು…”

“ಚೆಂದ ತಿಂದ್ಕೊಂಡು ಹುಳ ಗೂಡು ಕಟ್ಟುತ್ತಾ? ಗೇಟಿನ ಪಕ್ಕ ಗೂಡು ಕಟ್ಟಿಸೋ ಬಿದಿರು ಚಂದ್ರಿಕೆ ಒಣಗಿಸೋ ಜಾಗ.”

ಬಿಡಲಿಲ್ಲ ನಾನು. ಕೊನೆಗೆ ಅವರೇ ಪಂಥ ಕಟ್ಟಿದರು. “ಯುಗಾದಿ ಒಳಗೆ ಒಂದು ಮೊಳಕೆ ತೋರ್ಸು, ಎರಡು ಪಕ್ಕಾನೂ ನಿಂದೇ. ಇಲ್ಲಾಂದ್ರೆ ಅಲ್ಲೂ ಹಿಪ್ಪುನೇರಳೆ ಕಡ್ಡಿ ನೆಡ್ತೀನಿ. ಆಮೇಲೆ ತುಟಿ ಪಿಟಕ್ ಅನ್ನಬಾರ್ದು.”

ಅನ್ನಲ್ಲ! ಯುಗಾದಿ ಏಪ್ರಿಲ್ ಏಳಕ್ಕೆ. ಬೇಕಾದಷ್ಟು ದಿನ ಇದೆ.

೧೪ ಫೆಬ್ರವರಿ

ಎರಡು ದಿನ ನೆನೆದಿವೆ. ಕುಡಿಕೆಗೆ ಮರಳು ತುಂಬಿ ಏಳನ್ನೂ ಊರಿದೆ. ಇಡುವುದೆಲ್ಲಿ? ಹೊರಗೆ ಬೆಳಗಿನ ಚಳಿ. ಒದ್ದೆ ಗೋಣಿ ತಾಟು ಕಟ್ಟಿ, ಬಾಣಂತಿ ಕೋಣೆಯ ಹಾಗೆ ಬೆಚ್ಚಗಿಟ್ಟಿರುವ ಜಾಗ ಈ ಮನೆಯಲ್ಲಿ ಒಂದೇ — ಹುಳುಮನೆ. ಬೇರೆ ಏನನ್ನೂ ಅತ್ತಮ್ಮ ಅದರ ಹೊಸ್ತಿಲು ದಾಟಿಸುವುದಿಲ್ಲ. ಕೊನೆಯ ಸ್ಟ್ಯಾಂಡಿನ ಹಿಂದೆ ಕಳ್ಳಿಯ ಹಾಗೆ ಇಟ್ಟು ಬಂದೆ. ಗೊತ್ತಾದರೆ ಚರ್ಮ ಸುಲಿಯುತ್ತಾರೆ.

೧೭ ಫೆಬ್ರವರಿ, ಮಧ್ಯಾಹ್ನ

ಹುಳ ನಾಲ್ಕನೇ ಜ್ವರಕ್ಕೆ ಕೂತಿವೆ. ಮೇವಿಲ್ಲ, ಅಲ್ಲಾಟವಿಲ್ಲ, ತಲೆ ಎತ್ತಿಕೊಂಡು ಕಲ್ಲಿನಂತೆ. ಪೊರೆ ಬಿಡುವ ತನಕ ತಟ್ಟೆ ಮುಟ್ಟುವ ಹಾಗಿಲ್ಲ. ನನಗೆ ಬಿಡುವೋ ಬಿಡುವು. ಮೆಲ್ಲಗೆ ಹೋಗಿ ಒಂದು ಬೀಜ ಕೆದಕಿ ನೋಡಿದೆ. ಏನೂ ಇಲ್ಲ. ಮುಚ್ಚಿದೆ.

೨೧ ಫೆಬ್ರವರಿ

ಇವತ್ತೂ ಕೆದಕಿದೆ. ನಿನ್ನೆಯೂ. ಮೊನ್ನೆಯೂ… ಆಸೆ ತಡೆಯುವುದಿಲ್ಲ, ಏನು ಮಾಡಲಿ.

೨೭ ಫೆಬ್ರವರಿ

ಬಂತು!! ಅಕ್ಕಿ ಕಾಳಿನ ಮೂತಿಯಷ್ಟು, ಬೆಳ್ಳಗೆ! ಕೂಗಿಬಿಡುತ್ತಿದ್ದೆ, ಸೆರಗು ಬಾಯಿಗೆ ತುರುಕಿಕೊಂಡೆ. ಇನ್ನೂ ಚೆನ್ನಾಗಿ ಕಾಣಲಿ ಅಂತ ಎತ್ತಿ ಬೆಳಕಿಗೆ ಹಿಡಿದೆ.

ಮುರಿಯಿತು.

ನನ್ನ ಕೈಗೆ ಬೆಂಕಿ ಹಾಕ. ಅತ್ತುಕೊಂಡೇ ಚಂದ್ರಿಕೆಯ ಕೆಲಸ ಮಾಡಿದೆ. ಹುಳ ಎಲ್ಲ ಗೂಡು ಕಟ್ಟಿವೆ. “ಕಣ್ಣು ಯಾಕೆ ಕೆಂಪಗಿದೆ?” ಅಂದರು ಅತ್ತಮ್ಮ. ಧೂಳು ಅಂದೆ. ಇನ್ನು ಆರು.

೫ ಮಾರ್ಚ್, ಸಂಜೆ

ಗೂಡು ಬಿಡಿಸಿದ ದಿನವೇ ಮುರುಗಮಲ್ಲಕ್ಕೆ ಹೋಗಿದ್ದೆ, ತವರಿಗೆ. ಅತ್ತಿಗೆಯ ಸೀಮಂತ. ಮೂರು ದಿನ ಇದ್ದು ಇವತ್ತು ಬಸ್ಸಿಳಿದು ಬಂದರೆ ಗೇಟಿನಲ್ಲೇ ಕಣ್ಣು ಉರಿಯಿತು. ಫಾರ್ಮಲಿನ್! ಹುಳುಮನೆ ತೊಳೆದು, ಔಷಧಿ ಹೊಡೆದು, ಬಾಗಿಲು ಕಿಟಕಿ ಸಂದಿಗೆಲ್ಲ ಪೇಪರ್ ಅಂಟಿಸಿಬಿಟ್ಟಿದ್ದಾರೆ. ನಾಳೆ ತನಕ ತೆಗೆಯುವ ಹಾಗಿಲ್ಲ.

ನನ್ನ ಕುಡಿಕೆ ಒಳಗೆ.

ಬೆಳೆ ಮುಗಿದ ಮೇಲೆ ಪ್ರತಿ ಸಲ ನಾನೇ ಬಕೆಟ್ಟು ಹಿಡಿದು ನಿಲ್ಲುತ್ತೇನೆ. ಮರೆತೆನಲ್ಲ! ಸೀಮಂತದ ಸಂಭ್ರಮದಲ್ಲಿ ಮರೆತೇಬಿಟ್ಟೆನಲ್ಲ!

೬ ಮಾರ್ಚ್

ಬಾಗಿಲು ತೆಗೆದ ಕೂಡಲೇ ನುಗ್ಗಿದೆ. ಕುಡಿಕೆ ಇದ್ದಲ್ಲೇ ಇದೆ. ಮರಳಿಗೂ ಅದೇ ಘಾಟು. ಹಿತ್ತಲಲ್ಲಿ ಸುರಿದು ಬೆರಳಲ್ಲಿ ಜಾಲಾಡಿದೆ — ಒಂದೂ ಬೀಜ ಇಲ್ಲ. ಆರಕ್ಕೆ ಆರೂ. ಇಲಿಯ ಕೆಲಸ.

“ಏನು ಹುಡುಕ್ತಿದ್ದೀಯಾ?” ಅಂದರು ಅತ್ತಮ್ಮ.

“ಓಲೆ ತಿರುಪು ಬಿದ್ದೋಯ್ತು.”

ನನ್ನ ಕಿವಿ ನೋಡಿದರು. ಎರಡು ಓಲೆಯೂ ಇದ್ದವು. ಒಳಗೆ ಹೋದರು.

೧೯ ಮಾರ್ಚ್

ಬರೆಯಲು ಏನಿದೆ? ಹೊಸ ಹುಳ, ಅದೇ ಸೊಪ್ಪು. ನಮ್ಮ ಯಜಮಾನರು ಭಾನುವಾರ ರಜ ಅಂತ ಹಿಪ್ಪುನೇರಳೆ ಕಡ್ಡಿ ಕಡಿದು ತಂದು ಗೇಟಿನ ಪಕ್ಕ ಹಾಕಿದರು. “ಇವತ್ತೇ ನೆಟ್ಟುಬಿಡಣ ಅಮ್ಮ” ಅಂದರು.

“ಯುಗಾದಿ ತಂಕ ಮಾತು ಕೊಟ್ಟಿದ್ದೀನಿ. ಮುಟ್ಬೇಡ” ಅಂದರು ಅತ್ತಮ್ಮ.

ಬೀಜವೇ ಇಲ್ಲ ಅನ್ನುವುದನ್ನು ನುಂಗಿಕೊಂಡು ಸೊಪ್ಪು ಹೆಚ್ಚಲು ಹೋದೆ.

೬ ಏಪ್ರಿಲ್, ಅಮಾವಾಸ್ಯೆ

ನಾಳೆ ಸೋಲು. ಆಗಲಿ! ಹಬ್ಬ ಮುಗಿದ ಮೇಲೆ ಮತ್ತೆ ನಲ್ಲಪ್ಪನ ಹತ್ತಿರ ಹೋಗುತ್ತೇನೆ. ನೆಲ ಕೊಡದಿದ್ದರೆ ಒಡೆದ ಹಂಡೆಯಲ್ಲಿ ಬೆಳೆಸುತ್ತೇನೆ. ಹೀಗೆ ಅಂದುಕೊಂಡ ಮೇಲೆ ಜೀವಕ್ಕೆ ಸ್ವಲ್ಪ ಸಮಾಧಾನ.

೭ ಏಪ್ರಿಲ್, ಯುಗಾದಿ. ಬೆಳಗ್ಗೆ ಹತ್ತು

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಇರಲಿ.

ಎಣ್ಣೆ ನೀರಿಗೆ ಒಲೆ ಹಾಕಿದ್ದೆ. ಅತ್ತಮ್ಮ ಬಂದು, “ಬಚ್ಚಲ ಅಟ್ಟದ ಮೇಲೆ ಸೀಗೆಪುಡಿ ಡಬ್ಬ ಇದೆ, ಹತ್ತು” ಅಂದರು. ಆ ಅಟ್ಟ ಅವರದೇ ರಾಜ್ಯ, ನಾನು ಹತ್ತಿದ್ದೇ ಇಲ್ಲ. ಏಣಿ ಹತ್ತಿದೆ. ಡಬ್ಬ ಇಲ್ಲ. ಗವಾಕ್ಷಿ ಹತ್ತಿರ ಒಂದು ಕುಡಿಕೆ. ಪಕ್ಕದಲ್ಲಿ ಬಿಚ್ಚಿದ ಕರಿ ಬಟ್ಟೆ. ಕುಡಿಕೆಯಲ್ಲಿ ಒಂದು, ಎರಡು, ಮೂರು, ನಾಲ್ಕು — ಹಸಿರು! ಗರಿಕೆಗಿಂತ ಅಗಲ, ನೆಟ್ಟಗೆ ನಿಂತಿವೆ!

“ಅತ್ತಮ್ಮಾ!”

“ಕೂಗ್ಬೇಡ, ಏಣಿ ಮೇಲಿದ್ದೀಯ.”

“ಇದು… ಇಲಿ ತಿಂದಿತ್ತಲ್ಲ?”

“ಇಲಿ ನಾನೇ ಕಣೇ. ನೀನು ದಿನಾ ಕೆದಕೋದು ನೋಡಿದ್ದೆ. ಒಂದು ಮುರಿದು ಅತ್ತಿದ್ದೂ ಗೊತ್ತು. ಜ್ವರಕ್ಕೆ ಕೂತ ಹುಳ ಯಾರಾದ್ರೂ ಮುಟ್ತಾರೇನೇ? ಬೀಜಾನೂ ಹಂಗೇ. ನೀನು ತವರಿಗೆ ಹೋಗಿದ್ದೇ ಆರನ್ನೂ ಎತ್ತಿ ಬೇರೆ ಕುಡಿಕೆಗೆ ಹಾಕಿ ಇಲ್ಲಿಟ್ಟೆ. ಒಡೆಯೋಕೆ ಬಂದ ಹುಳದ ಮೊಟ್ಟೆಗೆ ಕತ್ತಲು ಕಟ್ಟಲ್ವಾ, ಹಂಗೆ ಕರಿ ಬಟ್ಟೆ ಕಟ್ಟಿದೆ. ಒಲೆ ಕಾವು ಮೇಲೇ ಬರುತ್ತೆ. ಹೋದ ವಾರ ತಲೆ ಎತ್ತಿದ್ವು, ಬೆಳಕಿಗೆ ಬಿಟ್ಟೆ.”

“ಪಂಥ ನೀವೇ ಸೋತ್ರಲ್ಲ ಅತ್ತಮ್ಮ?”

“ಪಂಥ ಹಾಳಾಗ್ಲಿ. ಮೊಟ್ಟೆ ಆಗ್ಲಿ ಬೀಜ ಆಗ್ಲಿ, ನನ್ನ ಮನೇಲಿ ಇಟ್ಟಿದ್ದು ಕೆಟ್ಟುಹೋದ್ರೆ ನನಗೆ ಮರ್ಯಾದೆನಾ? ಇನ್ನೂ ಎರಡು ಜ್ವರದಲ್ಲಿವೆ. ಮುಟ್ಟಿದ್ರೆ ಕೈ ಮುರೀತೀನಿ.”

ಇಳಿದು ಬಂದು ಎಣ್ಣೆ ಕೈಯಲ್ಲೇ ತಬ್ಬಿಕೊಂಡೆ. “ಹೋಗೇ, ಸೀರೆ ಹಾಳು” ಅಂದರು. ಬಿಡಿಸಿಕೊಳ್ಳಲಿಲ್ಲ.

ಈಗ ಹೊರಗೆ ದಪ ದಪ ಸದ್ದು. ಕಿಟಕಿಯಲ್ಲಿ ನೋಡಿದೆ. ಚಂದ್ರಿಕೆಗಳೆಲ್ಲ ಆಗಲೇ ಬಾವಿ ಕಡೆಗೆ ಹೋಗಿವೆ. ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು, ಗೇಟಿನ ಪಕ್ಕ ಅತ್ತಮ್ಮ ತಾವೇ ಗಡಾರಿ ಹಾಕುತ್ತಿದ್ದಾರೆ. ಗುಂಡಿ ಈಗಿನಿಂದಲೇ ಬಿಸಿಲು ಕುಡಿಯಲಿ ಅಂತೆ.

“ಬೇರು ಎಷ್ಟು ಆಳ ಹೋಗುತ್ತೆ ಅಂದ ಆ ಮಾಲಿ? ಬರೆದಿದ್ದು ಸಾಕು, ಬಾರೇ!”

ನಾನು ಬರೆಯುವುದೂ ಗೊತ್ತಾ ಇವರಿಗೆ?! ಬಂದೆ ಅತ್ತಮ್ಮ, ಬಂ