ಅಕ್ಕ ನಂಬಿದ ಕರಪತ್ರ

ಮಾರ್ಚ್ ೧೧, ಮಂಗಳವಾರ

ಅಕ್ಕನಿಗೆ ನಾನು ಕೊಟ್ಟ ಭರವಸೆ: ಬೇರಿನ ಕಷಾಯ ಸಾಕು, ಗಡ್ಡೆ ಕರಗುತ್ತದೆ, ಕೂದಲೂ ಉದುರುವುದಿಲ್ಲ. ಅದರಿಂದ ಅವಳ ಕೈತಪ್ಪಿದ್ದು: ನಾಲ್ಕು ತಿಂಗಳ ಆಸ್ಪತ್ರೆ ಚಿಕಿತ್ಸೆ.

ವೇದಿಕೆ ವೇದಿಕೆಯಲ್ಲೂ ಔಷಧ ಕಂಪನಿಗಳ ವಿರುದ್ಧ ಗಂಟಲು ಹರಿದುಕೊಂಡವನು ನಾನು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಯಾವುದೋ ಬೇರಿನ ಸಾರ ಕ್ಯಾನ್ಸರ್ ಜೀವಕೋಶಗಳನ್ನು ಕೊಂದಿತೆಂದು ಓದಿ ಕರಪತ್ರ ಹಂಚಿದೆ. ತಟ್ಟೆ ಬೇರೆ, ಮನುಷ್ಯನ ಮೈ ಬೇರೆ ಎಂಬ ಸಾಲನ್ನು ಬೇಕೆಂದೇ ಬಿಟ್ಟೆ. ಚಪ್ಪಾಳೆ ಹೊಡೆದವರೆಲ್ಲ ಮನೆಗೆ ಹೋದರು. ಅಕ್ಕ ನಂಬಿದಳು.

ಗಡ್ಡೆ ದೊಡ್ಡದಾಗಿದೆ ಎಂದು ಇಂದು ವೈದ್ಯೆ ಹೇಳಿದರು. ಆಗಲೂ ಅಕ್ಕ, "ಗಿಡದ ಔಷಧಿನೇ ಕೊಡಿ ಡಾಕ್ಟ್ರೇ" ಎಂದಳು.

"ನಾವು ಡ್ರಿಪ್ಪಲ್ಲಿ ಕೊಡೋದೂ ಮರದ ತೊಗಟೆಯಲ್ಲಿ ಸಿಕ್ಕಿದ್ದೇ ಅಮ್ಮಾ. ವರ್ಷಗಟ್ಟಲೆ ಪರೀಕ್ಷೆ ಮಾಡಿ, ಅಳತೆ ಗೊತ್ತು ಮಾಡ್ಕೊಂಡು ಕೊಡ್ತೀವಿ."

ಅಕ್ಕ ನನ್ನತ್ತ ತಿರುಗಿದಳು. "ನಿಂಗಿದು ಗೊತ್ತಿತ್ತೇನೋ?"

"ಗೊತ್ತಿತ್ತಕ್ಕ."

"ಮೈಕು ಸಿಕ್ರೆ ಸತ್ತವರನ್ನೂ ಎಬ್ಬಿಸ್ತೀಯಪ್ಪಾ ನೀನು! ನಾನು ಡ್ರಿಪ್ ಹಾಕಿಸ್ಕೋತೀನಿ, ಇನ್ಮೇಲೆ ನನ್ ಜೊತೆ ಬರಬೇಡ."

ಸಾವಿರ ಜನರ ಎದುರು ನಿಂತವನಿಗೆ ಈ ರಾತ್ರಿ ತಪ್ಪೊಪ್ಪಿಕೊಳ್ಳಲು ಒಬ್ಬರೂ ಇಲ್ಲ. ಅವಳು ಬೇಡವೆಂದರೂ ಹೋಗುತ್ತೇನೆ, ವಾರ್ಡಿನ ಬಾಗಿಲ ಹೊರಗೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಮೊದಲ ಡ್ರಿಪ್ ಗುರುವಾರ, ಬೆಳಿಗ್ಗೆ ಒಂಬತ್ತೂವರೆಗೆ.