ದೀಪ ದೊಡ್ಡದು ಮಾಡಿದ ಪುಟ

ಕೊಟ್ಟೂರು
೧೨ ಆಗಸ್ಟ್ ೨೦೨೪

ನನ್ನ ಸಿಟ್ಟಿನ ಗೆಳತಿ ಮುಬೀನಾಳಿಗೆ,

ಸುಮಲತಾಳ ನೆನಪುಗಳು. ಅಹಮದಾಬಾದಿನ ಊಟ ಸೇರುತ್ತದೆಯೇ? ಪ್ರದರ್ಶನದ ಓಡಾಟದಲ್ಲಿ, ಬೆಳಕಿನ ಹುಚ್ಚಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುವುದನ್ನು ಮರೆಯಬೇಡ. ನಿನ್ನ ಮೆಸೇಜಿಗೆ ಉತ್ತರ ಬಹಳ ತಡವಾಯಿತು, ಬೈಯಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ಮಾತಾಡುವ ತ್ರಾಣ ನನಗಿರಲಿಲ್ಲ. ಪತ್ರವಾದರೆ ನಡುವೆ ಬಾಯಿ ಹಾಕಲಾರೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಪುಸ್ತಕದ ಕಟ್ಟುಗಳು ಪಡಸಾಲೆ ತುಂಬ ಕೂತಿವೆ. ಅವನ್ನು ದಾಟಿಕೊಂಡೇ ಅಡುಗೆಮನೆಗೆ ಹೋಗಬೇಕು. ನಮ್ಮ ಪ್ರಕಾಶನ ಅಂದರೆ ಈ ಪಡಸಾಲೆ, ಒಂದು ದಬ್ಬಣ, ಒಂದು ಉಂಡೆ ದಾರ, ಅಷ್ಟೇ ತಾನೆ? ಈ ಸಲ ಹೊಲಿಗೆ ನನ್ನದು. ಅವ್ವನ ಕೈಯ ಹಾಗೆ ಬಂದಿಲ್ಲ, ಅಲ್ಲಲ್ಲಿ ಓರೆಯಾಗಿದೆ. ಹಡಗಲಿಯ ಸ್ಟೇಷನರಿ ಅಂಗಡಿಯ ಓಬಳೇಶಪ್ಪನವರಿಗೆ ಒಂದು ಪ್ರತಿ ತೋರಿಸಿದೆ. "ಅಕ್ಕಾರ, ಇದರಾಗ ಅಕ್ಷರಾನ ಇಲ್ಲಲ್ರೀ! ಚಿತ್ರದ ಪುಸ್ತಕ ಅಂದ್ರ ಮಂದಿ ಆನಿ, ಒಂಟಿ ಕೇಳ್ತಾರ್ರಿ" ಅಂದರು. ಗೋಡೆಯ ಮೇಲೆ ಬಿದ್ದ ಬೆಳಕನ್ನು ಯಾರು ಕೊಳ್ಳುತ್ತಾರೆ ಎಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನನಗೂ ಸಾಕಾಗಿದೆ, ಲೇ.

ಇನ್ನು ನಿನ್ನ ಸಿಟ್ಟಿನ ವಿಷಯ. ಎಣ್ಣೆ ಡಬ್ಬಿಗಳಿಗೆ ಮೊಳೆಯಿಂದ ತೂತು ಹೊಡೆದು, ಒಳಗೆ ಚಿಮಣಿ ಬುಡ್ಡಿ ಇಟ್ಟು, ಗೋಡೆಯ ಮೇಲೆ ನೀನು ಮೂಡಿಸಿದ ಚಿತ್ರಗಳ ಪುಸ್ತಕ ಇದು. ಪುಟ ತಿರುವಿದಂತೆ ಬೆಳಕು ಸಣ್ಣಗಾಗುತ್ತ ಹೋಗಿ, ಕೊನೆಯ ಪುಟದಲ್ಲಿ ಬರೀ ಕತ್ತಲು ಇರಬೇಕಿತ್ತು. ಅಲ್ಲಿ ಈಗ ಪುಟ ತುಂಬ ಬುಡ್ಡಿಯ ಉರಿ ಕೂತಿದೆ. "ಆ ಪುಟ ಹರಿ, ಇಲ್ಲಾ ಕಪ್ಪು ಕಾಗದ ಅಂಟಿಸು. ಎರಡೂ ಆಗಲಿಲ್ಲಂದ್ರ ಪುಸ್ತಕದ ಮ್ಯಾಲಿಂದ ನನ್ನ ಹೆಸರು ತಗಿ" ಎಂದು, ಕಳಿಸಿದ ಪ್ರತಿ ನೋಡಿ ಮೆಸೇಜು ಹಾಕಿದ್ದೀ. ನಿನ್ನ ಹೆಸರು ತೆಗೆದರೆ ಅದರಲ್ಲಿ ಏನು ಉಳಿಯುತ್ತದೆ? ಆ ಮಾತು ನನಗೆ ಬಹಳ ನೋವು ಮಾಡಿತು.

ದಾವಣಗೆರೆಯಲ್ಲಿ ಪುಟ ಜೋಡಿಸುವ ಪ್ರವೀಣಕುಮಾರ್‌ನನ್ನು ಬೈಯೋಣವೆಂದು ಫೋನು ಮಾಡಿದೆ. "ಮೇಡಂ, ನೀವೇ ಹೇಳಿದ್ರಲ್ರೀ, ಕೊನೇ ಪುಟದಾಗ ದೀಪ ದೊಡ್ಡದು ಮಾಡ್ರಿ ಅಂತ! ಎಷ್ಟು ಹಿಗ್ಗತೈತೋ ಅಷ್ಟೂ ಹಿಗ್ಗಿಸೀನಿ. ಚೆಂದ ಬಂದಿಲ್ಲೇನ್ರಿ?" ಅಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಚ್ಚಿಗೆ ಹೋಗುವ ಮೊದಲು ಅವನು ಪುಟಗಳನ್ನು ಮೊಬೈಲಿಗೆ ಕಳಿಸಿದ್ದ. ನಾನು ತೆರೆದು ನೋಡದೆ "ಆತು, ಹಾಕ್ರಿ" ಅಂದುಬಿಟ್ಟಿದ್ದೆ.

ಅವ್ವನ ಕಟ್ಟುನಿಟ್ಟು ನಿನಗೆ ಗೊತ್ತಲ್ಲ. ನಮ್ಮ ಮನೆಯಲ್ಲಿ ದೀಪ ಆರಿಸು ಅನ್ನುವ ಹಾಗಿರಲಿಲ್ಲ. "ಆರ್ಸು ಅನಬಾರ್ದವಾ, ದೊಡ್ಡದು ಮಾಡು ಅನಬೇಕು" ಎಂದು ಬಾಯಿ ಮೇಲೆ ಬಡಿದು ಕಲಿಸಿದಳು. ಕರೆಂಟಿನ ಬಲ್ಬಿಗೂ ಅದೇ ಮಾತು. ನೀನು ಮೊದಲ ಸಲ ಬಂದಾಗ ಅವ್ವ "ಆ ಲೈಟು ದೊಡ್ಡದು ಮಾಡವಾ" ಅಂದಳು. ನೀನು ಸೀದಾ ಹೋಗಿ ಸ್ವಿಚ್ಚು ಒತ್ತಿ ಆರಿಸಿದೆ. "ನಮ್ಮ ಅಮ್ಮೀನೂ ಚಿರಾಗ್ ಬಢಾವ್ ಅಂತಾರ್ರಿ, ಹಂಗಂದ್ರೂ ದೀಪ ದೊಡ್ಡದು ಮಾಡಾದೇ" ಅಂದೆ. ಅವತ್ತೇ ಅವ್ವ ನಿನ್ನನ್ನು ಮಗಳು ಮಾಡಿಕೊಂಡಳು, ನನಗೆ ರೊಟ್ಟಿ ಬಡಿಸುವುದನ್ನೂ ಮರೆತು.

ಹಾಗಾಗಿ ಆ ಮಾತು ನನ್ನ ಬಾಯಿಂದ ತಾನಾಗಿಯೇ ಬಂತು. ಪ್ರವೀಣಕುಮಾರ್ ಸ್ವಿಚ್ಚು ಒತ್ತಿ ಬೆಳೆದ ಹುಡುಗ, ಅವನಿಗೇನು ಗೊತ್ತು. ನೀನು ಹೇಳಿದಂತೆ ಕಪ್ಪು ಕಾಗದ, ಗೋಂದು ಎರಡನ್ನೂ ತಂದಿಟ್ಟೆ. ಮುಂದೆ ಹಾಕಿಕೊಂಡು ಕೂತೆ. ಕೈ ಏಳಲಿಲ್ಲ. ಆ ಪುಟ ಹಾಗೆಯೇ ಇರಲಿ ಅನ್ನು, ಮುಬೀನಾ. ನಿನ್ನ ಕಲೆ ಕೆಡಿಸಿದೆ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ನಿನ್ನ ಪ್ರದರ್ಶನ ಚೆನ್ನಾಗಿ ಆಗಲಿ. ಹಿಡಿದ ಕೆಲಸ ಕೈಗೂಡಲಿ, ಕಣ್ಣು ತಂಪಾಗಿರಲಿ. ಬೇಗ ಬಾ.

ನಿನ್ನ
ಸುಮಿ

ತಾ. ಕ.: ಇಷ್ಟು ಬರೆದರೂ ಬರೆಯಬೇಕಾದ್ದು ಉಳಿಯಿತು, ಇನ್ನು ಮುಚ್ಚಿಡಲಾರೆ. ಅವ್ವ ಹೋದಳು, ಮುಬೀನಾ. ಕಳೆದ ತಿಂಗಳು. ನಿನ್ನ ಪ್ರದರ್ಶನ ಕೆಡಬಾರದೆಂದು, ನಿನಗೆ ಹೇಳಬೇಡಿರಿ ಎಂದು ನಿನ್ನ ಪೀರ್ ಬೀ ಅಮ್ಮಿಯ ಹತ್ತಿರ ನಾನೇ ಮಾತು ತೆಗೆದುಕೊಂಡಿದ್ದೆ. ಅವರು ಹಗರಿಬೊಮ್ಮನಹಳ್ಳಿಯಿಂದ ಬಂದು ಅವ್ವನ ಕಾಲ ಹತ್ತಿರ ಕೂತು ಅತ್ತು ಹೋದರು. ಕೊನೆಯ ಪುಟದ ದೀಪ ದೊಡ್ಡದು ಮಾಡೆಂದು ಪ್ರವೀಣಕುಮಾರ್‌ಗೆ ನಾನು ಮೊದಲು ಫೋನು ಮಾಡಿದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು. ಅವತ್ತೇ ಡಾಕ್ಟರು ಒಳಗೆ ಕರೆದು, "ಇನ್ನು ನಮ್ಮ ಕೈಲಿ ಏನೂ ಇಲ್ಲಮ್ಮ. ಆಕ್ಸಿಜನ್ ತೆಗೆದುಬಿಡೋಣವೇ? ನೀವು ಹೇಳಿದ ಹಾಗೆ" ಅಂದರು. ತೆಗೀರಿ ಅನ್ನಲು ನಾಲಿಗೆ ಏಳಲಿಲ್ಲ. "ದೊಡ್ಡದು ಮಾಡ್ರಿ" ಅಂದೆ. ಅವರು ದೂರದ ಊರಿನವರು. ಹೆಚ್ಚು ಮಾಡಿ ಅಂದೆನೆಂದು ತಿಳಿದು, ಹೋಗಿ ಹೆಚ್ಚು ಮಾಡಿದರು. ನಾನು ತಿದ್ದಲಿಲ್ಲ. ಮರುದಿನ ಬೆಳಿಗ್ಗೆ ಅವ್ವ ಕಣ್ಣು ಬಿಟ್ಟು ಕಿಟಕಿಯ ಬಿಸಿಲು ನೋಡಿದಳು, "ಹೊತ್ತಾತೇನ?" ಎಂದು ಕೇಳಿದಳು. ಮಧ್ಯಾಹ್ನ ತಾನಾಗಿಯೇ ಹೋದಳು. ಕಪ್ಪು ಕಾಗದ ಇಲ್ಲೇ ಇದೆ. ಅಂಟಿಸಲೇಬೇಕೆಂದರೆ ನೀನು ಬಂದು ಅಂಟಿಸು, ನನ್ನ ಕೈಲಿ ಆಗುವುದಿಲ್ಲ.